ಅವ್ವನ ಸೀರೆಯ ಚೀಲ

ಮುಂಬೈಗೆ ಬಂದು ನಲವತ್ನಾಲ್ಕು ವರ್ಷವಾಯಿತು. ಅದರಲ್ಲಿ ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕೂತು ಮಂದಿಯ ರೊಕ್ಕ ಎಣಿಸಿದೆ. ಈಗ ಡೊಂಬಿವಲಿಯ ಮನೆಯ ಬಾಲ್ಕನಿಯಲ್ಲಿ ಕೂತು ಪ್ರವಾಸದ ಚೀಲ ಹೊಲಿಯುತ್ತೇನೆ. ಇದನ್ನು ಹೇಳಿದರೆ ಎದುರಿನವರು ಮೊದಲು ನಗುತ್ತಾರೆ. ಎಂ.ಕಾಂ. ಓದಿ, ಆಫೀಸರ್ ಆಗಿ ನಿವೃತ್ತನಾದ ಮನುಷ್ಯ ಹೊಲಿಗೆ ಮಿಷನ್ ತುಳಿಯುವುದೆಂದರೆ ನಗು ಬರದೆ ಇರುತ್ತದೆಯೆ? ನಕ್ಕು ಮುಗಿದ ಮೇಲೆ ಮೆಲ್ಲಗೆ, "ನಮಗೂ ಒಂದು ಹೊಲಿದು ಕೊಡ್ರಿ" ಅನ್ನುತ್ತಾರೆ.

ಮಿಷನ್ನು ನನ್ನಾಕಿಯದು. ಮದುವೆಯಾದ ಎರಡನೇ ವರ್ಷ, 1986ರಲ್ಲಿ, ಕಂತಿನ ಮೇಲೆ ಕೊಂಡ ಕಾಲಿನ ಉಷಾ ಮಿಷನ್. ಮಕ್ಕಳ ಅಂಗಿ, ಲಂಗ, ಕಿಟಕಿಯ ಪರದೆ ಎಲ್ಲ ಅದರ ಮೇಲೇ ಆದವು. ಆರು ವರ್ಷದ ಹಿಂದೆ ಅವಳ ಮೊಣಕಾಲು ಕೈಕೊಟ್ಟವು. ಇನ್ನು ಮಿಷನ್ ತುಳಿಯಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಮೋಟರ್ ಕೂರಿಸೋಣ ಎಂದೆ. "ಮೋಟರ್ ಹಚ್ಚಿದ್ರ ಮಿಷನ್ ಓಡತೈತಿ, ನನ್ನ ಕೈಗೆ ಸಿಗೂದಿಲ್ಲ" ಎಂದಳು. ಕಡೆಗೆ ಒಂದು ಒಪ್ಪಂದವಾಯಿತು. ಕಾಲು ನನ್ನದು, ಕಣ್ಣು ಅವಳದು. ಅವಳು ಪಕ್ಕದ ಕುರ್ಚಿಯಲ್ಲಿ ಕೂತು ಹೇಳುವುದು, ನಾನು ತುಳಿಯುವುದು. ಬ್ಯಾಂಕಿನಲ್ಲಿ ಯಾವ ಮೇಲಧಿಕಾರಿಯೂ ನನ್ನ ಕೆಲಸವನ್ನು ಇಷ್ಟು ಹತ್ತಿರದಿಂದ ತಪಾಸಣೆ ಮಾಡಿರಲಿಲ್ಲ.

ಚೀಲದ ಹುಚ್ಚು ಹತ್ತಿದ್ದಕ್ಕೆ ಕಾರಣ ಇನ್ನೊಂದು ಚೀಲ. 1978ರಲ್ಲಿ ನಾನು ಎಂ.ಕಾಂ. ಓದಲು ಧಾರವಾಡಕ್ಕೆ ಹೊರಟಾಗ ಅವ್ವ ಒಂದು ಕೈಚೀಲ ಹೊಲಿದು ಕೊಟ್ಟಿದ್ದಳು. ಒಳಗೆ ದಪ್ಪ ಮಾಂಜರಪಾಟ, ಹೊರಗೆ ಹಳೆಯ ಸೀರೆ, ಬಾಯಿಗೆ ಖಣದ ಚೂರಿನ ಪಟ್ಟಿ. ಎಲ್ಲ ಕೈ ಹೊಲಿಗೆ. ಕೌದಿಗೆ ಹಾಕುವಂಥ ಉದ್ದುದ್ದ ದಾರದ ಸಾಲು. 1981ರಲ್ಲಿ ಬ್ಯಾಂಕಿನ ಆರ್ಡರ್ ಹಿಡಿದು ಮುಂಬೈಗೆ ಬಂದಾಗಲೂ ಹೆಗಲಲ್ಲಿ ಅದೇ ಚೀಲ. ಕೈಯಲ್ಲಿ ಟ್ರಂಕು. ಚೀಲದ ತುಂಬ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಆಗ ಬಾಗಲಕೋಟೆಯಿಂದ ಸಣ್ಣ ಗಾಡಿ, ಅಂದರೆ ಮೀಟರ್ ಗೇಜ್. ಸೊಲ್ಲಾಪುರದಲ್ಲಿ ಇಳಿದು, ಸಾಮಾನೆಲ್ಲ ಹೊತ್ತು, ಮುಂಬೈಯ ದೊಡ್ಡ ಗಾಡಿ ಹಿಡಿಯಬೇಕು. ಆ ಗದ್ದಲದಲ್ಲಿ ಟ್ರಂಕು ಬೇಕಾದರೆ ಕೂಲಿಯವನ ತಲೆಯ ಮೇಲಿರಲಿ, ಚೀಲ ಮಾತ್ರ ಕಂಕುಳಲ್ಲೇ.

ಆ ಚೀಲ ಆಮೇಲೆ ನಮ್ಮ ಮನೆಯ ತರಕಾರಿ ಚೀಲವಾಗಿ ನಾಲ್ಕು ದಶಕ ದುಡಿಯಿತು. 2023ರ ಮಳೆಗಾಲದಲ್ಲಿ, ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ, ಎರಡು ಕಿಲೊ ಬಟಾಟೆಯ ಭಾರಕ್ಕೆ ತಳ ಕಿತ್ತುಕೊಂಡಿತು. ಬಟಾಟೆ ಉರುಳಿ ಹೋದವು. ನಾನು ಅವನ್ನು ಆರಿಸುವುದು ಬಿಟ್ಟು ಹರಿದ ಚೀಲವನ್ನೇ ನೋಡುತ್ತ ನಿಂತೆ. ಹಿಂದಿನವರು ಮರಾಠಿಯಲ್ಲಿ ಬೈದು ಮುಂದೆ ಹೋದರು.

ಮನೆಗೆ ತಂದು ಹೊಲಿಗೆ ಬಿಚ್ಚಿದೆವು. ಒಂದೊಂದು ತುಂಡನ್ನೂ ಹಳೆಯ ಪೇಪರಿನ ಮೇಲೆ ಇಟ್ಟು ಗೆರೆ ಎಳೆದು ಮಾದರಿ ಕತ್ತರಿಸಿದೆವು. ಅಲ್ಲಿಂದ ಶುರು.

ಹೊಲಿಗೆ ಬಲ್ಲ ಅಕ್ಕ ತಂಗಿಯರು ಕ್ಷಮಿಸಬೇಕು, ಹೊಸಬನ ಉತ್ಸಾಹದಲ್ಲಿ ಒಂದಿಷ್ಟು ಹೇಳಿಬಿಡುತ್ತೇನೆ. ಪ್ರವಾಸದ ಚೀಲಕ್ಕೆ ಬರೀ ಬಟ್ಟೆ ಸಾಲದು. ಮೇಲೆ ಅಂದದ ಬಟ್ಟೆ, ನಡುವೆ ತೆಳು ಫೋಮು, ಒಳಗೆ ಅಸ್ತರ್. ಮೂರನ್ನೂ ಸೇರಿಸಿ ಇಂಚಿಗೊಂದು ಸಾಲಿನಂತೆ ಹೊಲಿಗೆ ಹೊಡೆದರೆ ಬಟ್ಟೆಗೆ ಮೈ ಬರುತ್ತದೆ, ಅಷ್ಟು ಇಷ್ಟಕ್ಕೆ ಹಿಂಜುವುದಿಲ್ಲ. ನಮ್ಮ ಕಡೆಯ ಕೌದಿಯ ತಂತ್ರವೂ ಇದೇ. ತಳಕ್ಕೆ ಕ್ಯಾನ್ವಾಸ್ ಇಲ್ಲವೇ ಮೊಮ್ಮಗನ ಹಳೆಯ ಜೀನ್ಸ್. ಹಿಡಿಕೆಗೆ ಒಳಗೆ ನವಾರು, ಮೇಲೆ ಬಟ್ಟೆ. ಹಿಡಿಕೆಯನ್ನು ಬಾಯಿಗೆ ಮಾತ್ರ ಹೊಲಿಯಬಾರದು, ತಳದ ತನಕ ಇಳಿಸಿ ಸುತ್ತು ಹಾಕಬೇಕು. ಆಗ ಭಾರವೆಲ್ಲ ತಳದಿಂದಲೇ ಮೇಲೇಳುತ್ತದೆ. ಅವ್ವನ ಚೀಲ ನಲವತ್ತೈದು ವರ್ಷ ಬಾಳಿದ್ದು ಇದರಿಂದಲೇ ಎಂದು ಬಿಚ್ಚಿದಾಗ ತಿಳಿಯಿತು. ಮೂಲೆಗಳಲ್ಲಿ ಆರು ಏಳು ಪದರು ಸೇರುತ್ತವೆ. ಅಲ್ಲಿ ಹದಿನಾಲ್ಕನೇ ನಂಬರಿನ ಸೂಜಿ ಮುರಿಯುತ್ತದೆ, ಹದಿನೆಂಟು ಬೇಕು. ಮೊದಲು ಆ ಜಾಗವನ್ನು ಕುಟ್ಟಾಣಿಯಿಂದ ಕುಟ್ಟಿ ಮೆತ್ತಗೆ ಮಾಡಿಕೊಂಡರೆ ಇನ್ನೂ ಚಲೋ.

ಬಟ್ಟೆ ಮಂಗಳದಾಸ್ ಮಾರ್ಕೆಟ್ಟಿನದು. ಚೈನು ಅಲ್ಲೇ ಆಚೀಚೆಯ ಗಲ್ಲಿಗಳಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ, ಅದರ ರನ್ನರ್ ಬೇರೆ ಕೊಳ್ಳಬೇಕು. ನನ್ನ ಮೊದಲ ಚೀಲದ ಕಥೆ ಈ ಚೈನಿನದೇ. ನಾಲ್ಕೂ ಕಡೆ ಅಚ್ಚುಕಟ್ಟಾಗಿ ಹೊಲಿದು, ಇನ್ನು ಒಳಗಿನದನ್ನು ಹೊರಗೆ ತಿರುಗಿಸೋಣ ಎಂದರೆ ದಾರಿಯೇ ಇಲ್ಲ. ಚೈನು ಮುಚ್ಚಿಯೇ ಹೊಲಿದಿದ್ದೆ. ರನ್ನರ್ ಒಳಗಡೆ ಸೆರೆಯಾಗಿತ್ತು. ನನ್ನಾಕಿ ಮೊದಲೇ ನೋಡಿದ್ದಳಂತೆ, ಹೇಳಿರಲಿಲ್ಲ. "ಹೇಳಿದ್ರ ನೀವು ಮರೀತೀರಿ, ಬಿಚ್ಚಿದ್ರ ನೆನಪಿರತೈತ್ರಿ" ಎಂದಳು. ಬಿಚ್ಚಲು ಎರಡು ತಾಸು ಹಿಡಿಯಿತು. ಮತ್ತೆ ಆ ತಪ್ಪು ಆಗಿಲ್ಲ.

ಹೀಗೆ ಹತ್ತು ಹನ್ನೆರಡು ಚೀಲ ಆದವು. ಮಗಳಿಗೆ, ಸೊಸೆಗೆ, ಬಿಲ್ಡಿಂಗಿನ ನಾಲ್ಕಾರು ಮನೆಗೆ ಹೋದವು. ಆಮೇಲೆ ಒಂದು ಯೋಚನೆ ಬಂತು. ಅಕ್ಕನಿಗೊಂದು, ನಮಗೊಂದು ಚೀಲ ಹೊಲಿಯಬೇಕು. ಅವನ್ನು ಹಿಡಿದು ಊರ ಕಡೆ ಒಂದು ವಾರ ಸುಮ್ಮನೆ ತಿರುಗಾಡಿ ಬರಬೇಕು. ಮದುವೆಯಲ್ಲ, ಮುಂಜಿಯಲ್ಲ, ಯಾರದೋ ದಿನಕರ್ಮವಲ್ಲ. ಅಂಥ ಪ್ರಯಾಣವನ್ನು ಊರು ಬಿಟ್ಟ ಮೇಲೆ ನಾವು ಮಾಡಿಯೇ ಇರಲಿಲ್ಲ.

ಆ ಎರಡು ಚೀಲಕ್ಕೆ ಮಾರ್ಕೆಟ್ಟಿನ ಬಟ್ಟೆ ಬೇಡ ಎಂದು ಅಲಮಾರಿಯಿಂದ ಅವ್ವನ ಇಳಕಲ್ ಸೀರೆ ತೆಗೆದೆ. ಹದಿನೆಂಟು ಮೊಳದ್ದು. ಹಸಿರು ಒಡಲು, ಕೆಂಪು ಸೆರಗು, ಸೆರಗಿನ ಮೇಲೆ ಬಿಳಿ ತೆನೆಗಳು. 2012ರಲ್ಲಿ ಅವ್ವ ತೀರಿದಾಗ ಅಕ್ಕನೇ ಸೀರೆಗಳನ್ನು ಪಾಲು ಮಾಡಿ, ಇದನ್ನು ನನ್ನಾಕಿಯ ಕೈಗೆ ಕೊಟ್ಟಿದ್ದಳು. ಹನ್ನೆರಡು ವರ್ಷ ಡಾಂಬರು ಗುಳಿಗೆಯ ವಾಸನೆಯಲ್ಲಿ ಮಲಗಿತ್ತು. ಮಡಿಕೆಯಲ್ಲಿ ಅಲ್ಲಲ್ಲಿ ಸೀಳು ಬಿಟ್ಟಿತ್ತು.

"ಅಕ್ಕಾರನ್ನ ಒಂದು ಮಾತು ಕೇಳ್ರಿ" ಎಂದಳು ನನ್ನಾಕಿ.

"ಅಕ್ಕಗ ಹೊಲಿಯೂದು, ಅಕ್ಕನ್ನ ಏನ ಕೇಳೂದು? ನೋಡಿ ಖುಷಿ ಪಡತಾಳ" ಎಂದೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಆ ಕೊಂಡಿಯ ಹತ್ತಿರ ಕತ್ತರಿ ತರಕೂಡದು ಎಂದು ನನ್ನಾಕಿ ಕಟ್ಟುನಿಟ್ಟು ಮಾಡಿದಳು. ಇನ್ನೊಂದು ತುದಿಯಿಂದ ಏಳು ಮೊಳ ಕತ್ತರಿಸಿದೆ. ಸೆರಗಿನ ಕಡೆಯ ಹನ್ನೊಂದು ಮೊಳ ಮಡಚಿ ಇಟ್ಟೆವು. ಹಿಡಿಕೆಗೆ ಸೀರೆಯ ದಡಿಯನ್ನೇ ನವಾರಿನ ಮೇಲೆ ಹೊದಿಸಿದೆ. ನನ್ನ ಕೈಯಿಂದ ಇಷ್ಟು ಚಂದದ ಚೀಲ ಅದಕ್ಕೆ ಮೊದಲು ಆಗಿರಲಿಲ್ಲ.

ಇಲ್ಲಿ ಒಂದು ಹಳೆಯ ಲೆಕ್ಕ ಹೇಳಬೇಕು. ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿ, ಘಟಪ್ರಭೆಯ ಕಡೆಯ ತಗ್ಗಿನ ಓಣಿಯಲ್ಲಿತ್ತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದಾಗ ನನಗೆ ಆರು ವರ್ಷ. ಊರು ಮುಳುಗುತ್ತದೆ, ಮುಳುಗುತ್ತದೆ ಎನ್ನುವ ಮಾತು ಕೇಳುತ್ತಲೇ ಬೆಳೆದೆವು. ಕೇಳಿ ಕೇಳಿ ನಂಬುವುದನ್ನೇ ಬಿಟ್ಟಿದ್ದೆವು. ಕಡೆಗೆ ನೀರು ಬಂದೇ ಬಂತು. 2002ರಲ್ಲಿ ಮನೆ ಬಿಟ್ಟೆವು. ಪರಿಹಾರದಲ್ಲಿ ಅವ್ವನಿಗೆ ನವನಗರದಲ್ಲಿ ಸಣ್ಣ ಮನೆಯಾಯಿತು. ಉಳಿದ ರೊಕ್ಕದಲ್ಲಿ ಅಕ್ಕನ ಪಾಲು 1,10,000 ರೂಪಾಯಿ. ನಾನು ಆಗಷ್ಟೇ ಡೊಂಬಿವಲಿಯ ಈ ಫ್ಲ್ಯಾಟಿಗೆ ಮುಂಗಡ ಕೊಟ್ಟಿದ್ದೆ. ತಕರಾರಿಲ್ಲ ಎನ್ನುವ ಕಾಗದ ತಯಾರಿಸಿಕೊಂಡೇ ಗುಳೇದಗುಡ್ಡಕ್ಕೆ, ಅಕ್ಕನ ಮನೆಗೆ ಹೋದೆ. ಅವಳು ಒಲೆಯ ಮುಂದಿನಿಂದ ಎದ್ದು ಬಂದು, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ಎಲ್ಲಿ ಎಂದು ಕೇಳಿ ಸಹಿ ಮಾಡಿದಳು. ಓದಲಿಲ್ಲ. ಬಂದ ಬಸ್ಸಿಗೇ ನಾನು ವಾಪಸಾದೆ.

ಆಮೇಲೆ ಅವಳು ಜಗಳವಾಡಲಿಲ್ಲ, ಮಾತು ಬಿಡಲಿಲ್ಲ. ಪ್ರತಿ ವರ್ಷ ಪಂಚಮಿಗೆ ಉಂಡಿ ಕಳಿಸಿದಳು. ಆದರೆ ಇಪ್ಪತ್ಮೂರು ವರ್ಷದಲ್ಲಿ ಡೊಂಬಿವಲಿಯ ಮನೆಗೆ ಒಮ್ಮೆಯೂ ಬರಲಿಲ್ಲ. ಕರೆದಾಗಲೆಲ್ಲ ಮೊಮ್ಮಕ್ಕಳು, ಸೊಂಟನೋವು, ಶ್ರಾವಣ, ಏನಾದರೂ ಒಂದು ಇರುತ್ತಿತ್ತು.

ಚೀಲಕ್ಕೆ ಒಳಜೇಬು ಹೊಲಿಯುವಾಗ ಈ ಲೆಕ್ಕ ತೀರಿಸಬೇಕೆನ್ನಿಸಿತು. ಕ್ಯಾಲ್ಕ್ಯುಲೇಟರ್ ಹಿಡಿದು ಕೂತೆ. ನೂರಕ್ಕೆ ಆರರಂತೆ ಇಪ್ಪತ್ಮೂರು ವರ್ಷಕ್ಕೆ ಬಡ್ಡಿ 1,51,800, ಅಸಲು ಸೇರಿ 2,61,800 ಎಂದೆ. ನನ್ನಾಕಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. "ಬ್ಯಾಂಕಿನ್ಯಾಗ ಸಾಲಾ ಕೊಟ್ರ ಚಕ್ರಬಡ್ಡಿ, ಅಕ್ಕಾಗ ಕೊಡೂವಾಗ ಸಾದಾ ಬಡ್ಡಿ ಏನ್ರಿ?" ನಾಚಿಕೆಯಾಯಿತು. ಚಕ್ರಬಡ್ಡಿಯಲ್ಲಿ 4,20,172 ಬಂತು. ಅಷ್ಟಕ್ಕೂ ಚೆಕ್ ಬರೆದು ಲಕೋಟೆಯಲ್ಲಿಟ್ಟು ಒಳಜೇಬಿಗೆ ಹಾಕಿ ಗುಂಡಿ ಹಚ್ಚಿದೆ.

2025ರ ಜನವರಿ 15ರ ರಾತ್ರಿ ಹೊರಟೆವು. ಈಗ ಸೊಲ್ಲಾಪುರದಲ್ಲಿ ಇಳಿಯುವ ಗೋಜಿಲ್ಲ, ಮುಂಬೈಯಲ್ಲಿ ಹತ್ತಿದ ಗಾಡಿ ನೇರ ಬಾಗಲಕೋಟೆಗೆ ಬಿಡುತ್ತದೆ. ಆದರೂ ಸೊಲ್ಲಾಪುರ ಬಂದಾಗ ಎಚ್ಚರವಾಗಿ, ಅಭ್ಯಾಸಬಲದಿಂದ ಚೀಲಕ್ಕೆ ಕೈ ಹಾಕಿದೆ. ವಿಜಯಪುರ ದಾಟಿದ ಮೇಲೆ ಬಿಳಿ ಜೋಳದ ಹೊಲಗಳು. ಆಲಮಟ್ಟಿ ಬಂದಾಗ ನನ್ನಾಕಿ ಕಿಟಕಿಯಲ್ಲಿ ಕೃಷ್ಣೆಯನ್ನು ನೋಡಿ ಕೈ ಮುಗಿದಳು. ನಾನು ಮುಗಿಯಲಿಲ್ಲ. ಆ ನೀರಿನ ಜೊತೆ ನನ್ನ ಸಂಬಂಧ ಅಷ್ಟು ಸರಳವಾಗಿಲ್ಲ.

ಗುಳೇದಗುಡ್ಡದಲ್ಲಿ ಅಕ್ಕನ ಓಣಿಗೆ ಕಾಲಿಟ್ಟರೆ ಮೊದಲು ಮಗ್ಗದ ಸಪ್ಪಳ ಕೇಳುತ್ತಿತ್ತು. ಈಗ ಮೊದಲಿನಷ್ಟು ಇಲ್ಲ. ಎದುರಿನ ಮನೆಯಲ್ಲಿ ಒಂದು ಕುಣಿಮಗ್ಗ ಇನ್ನೂ ನಡೆದಿತ್ತು. ತೇರಿನ ಖಣ ನೇಯುತ್ತಿದ್ದರು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಎಪ್ಪತ್ತೆರಡಾಗಿದೆ, ಬೆನ್ನು ಬಾಗಿದೆ. ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ ಎಲ್ಲ ಆಯಿತು. ಊಟದ ಮೇಲೆ ಚೀಲ ತೆಗೆದು ಅವಳ ಮುಂದಿಟ್ಟೆ.

ಅಕ್ಕ ಚೀಲವನ್ನು ಮುಟ್ಟಿದಳು. ದಡಿಯ ಮೇಲೆ ಬೆರಳಾಡಿಸಿದಳು. ಗುರುತು ಹತ್ತಿತು.

"ಇದು ಅವ್ವನ ಸೀರಿ ಹೌದಲ್ಲೊ?"

"ಹೌದಕ್ಕಾ."

"ಕತ್ತರಿಸಿದಿ?"

ಮುಂದೆ ಅವಳು ಏನೂ ಅನ್ನಲಿಲ್ಲ. ಎದ್ದು ಒಳಗೆ ಹೋದಳು. ನನ್ನಾಕಿ ನನ್ನ ಕಡೆ ನೋಡಿದಳು. ಆ ನೋಟದ ಅರ್ಥ ನಲವತ್ತು ವರ್ಷದ ಸಂಸಾರದಲ್ಲಿ ನನಗೆ ಚೆನ್ನಾಗಿ ಗೊತ್ತು.

ಆದರೂ ಮೂರು ದಿನ ತಿರುಗಿದೆವು. ಬಾದಾಮಿ ಬನಶಂಕರಿಯ ಜಾತ್ರೆಯಲ್ಲಿ ಬಳೆ ಅಂಗಡಿ, ನಾಟಕ ಕಂಪನಿಗಳ ತಂಬು, ಬುಟ್ಟಿಯಲ್ಲಿ ರೊಟ್ಟಿ ಮೊಸರು ಇಟ್ಟುಕೊಂಡು "ಉಣ್ಣಾಕ ಬರ್ರಿ ಯಪ್ಪಾ" ಎಂದು ಕರೆಯುವ ಹೆಣ್ಣುಮಕ್ಕಳು, ಎಲ್ಲ ಹಾಗೇ ಇತ್ತು. ಬಸ್ಸಿನಲ್ಲಿ ಒಂದು ತಮಾಷೆ. 2023ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟಿಲ್ಲವಲ್ಲ. ಅಕ್ಕ ಆಧಾರ್ ತೋರಿಸಿ ಸೊನ್ನೆಯ ಚೀಟಿ ಪಡೆದಳು. ನನ್ನಾಕಿಯೂ ತನ್ನದನ್ನು ತೋರಿಸಿದಳು. ಕಂಡಕ್ಟರ್ ನೋಡಿ, "ಅಮ್ಮಾರ, ಇದು ಮಹಾರಾಷ್ಟ್ರದ್ದು, ರೊಕ್ಕಾ ಕೊಡ್ರಿ" ಎಂದ. ಬಾಗಲಕೋಟೆ ಜಿಲ್ಲೆಯಲ್ಲೇ ಹುಟ್ಟಿದವಳು, ಮುಖ ಸಣ್ಣದಾಯಿತು. ಅಕ್ಕ ಆ ಎರಡು ದಿನದಲ್ಲಿ ಮೊದಲ ಸಲ ನಕ್ಕಳು. "ನೀವು ಹೊರಗಿನವ್ರಾದ್ರಿ ನೋಡವ್ವಾ" ಎಂದು ಅವಳ ಕೈ ಹಿಡಿದುಕೊಂಡಳು. ಅಕ್ಕನ ಹೆಗಲಲ್ಲಿ ಹಳೆಯ ಪ್ಲಾಸ್ಟಿಕ್ ಬ್ಯಾಗೇ ಇತ್ತು. ನನ್ನ ಚೀಲವನ್ನು ಅವಳು ತಂದಿರಲಿಲ್ಲ.

ನಾಲ್ಕನೇ ದಿನ ಬಾಗಲಕೋಟೆಗೆ ಹೋದೆವು. ನವನಗರದ ಯೋಜನೆ ಮಾಡಿದವರು ಚಾರ್ಲ್ಸ್ ಕೊರಿಯಾ. ನವಿ ಮುಂಬೈಯ ಯೋಜನೆಯಲ್ಲೂ ಅವರಿದ್ದರು. ಅಲ್ಲಿಯೂ ಸೆಕ್ಟರ್, ಇಲ್ಲಿಯೂ ಸೆಕ್ಟರ್. ಊರಿಗೆ ಬಂದರೂ ವಾಶಿಯಲ್ಲಿ ಇಳಿದಂತೆ ಅನ್ನಿಸುತ್ತದೆ. ಹಳೆಯ ಊರು ಪೂರ್ತಿ ಹೋಗಿಲ್ಲ. ಎತ್ತರದ ಪೇಟೆಯಲ್ಲಿ ವ್ಯಾಪಾರ ನಡೆದಿದೆ, ಹೋಳಿಗೆ ಬಂಡಿಗಳಲ್ಲಿ ಬಣ್ಣ ಹೊರಡುತ್ತದೆ. ನಮ್ಮ ಓಣಿಯ ಕಡೆ ನಡೆದರೆ ರಸ್ತೆ ಮೆಲ್ಲಗೆ ಇಳಿಜಾರಾಗಿ ನೀರಿಗೆ ಸೇರಿಬಿಡುತ್ತದೆ. ಅಲ್ಲಿಂದ ಮುಂದೆ ಬೂದು ನೀರು, ಬೆಳ್ಳಕ್ಕಿ. ನಾನು ಕೈ ಚಾಚಿ, ಅಲ್ಲಿ ಇರಬೇಕು ನಮ್ಮ ಮನೆ ಎಂದೆ. ಅಕ್ಕ ನನ್ನ ಕೈಯನ್ನು ಹಿಡಿದು ಎಡಕ್ಕೆ ತಿರುಗಿಸಿದಳು.

"ಅಲ್ಲೆ. ಅಲ್ಲೆ ಐತಿ. ಬೀಸೂಕಲ್ಲೂ ಅಲ್ಲೆ ಐತಿ."

"ಯಾವ ಬೀಸೂಕಲ್ಲು?"

"ಅವ್ವನ ಬೀಸೂಕಲ್ಲು. ನೀ ಬಾಗಲಾ, ತೊಲಿ ಎಲ್ಲಾ ಮಾರಿದಿ. ಕಲ್ಲು ಯಾರಿಗೆ ಬೇಕು ಅಂತ ಬಿಟ್ಟು ಬಂದಿ. ನನಗ ಅದೊಂದು ಬೇಕಾಗಿತ್ತು."

"ಹೇಳಬೇಕಿಲ್ಲೇನಕ್ಕಾ ಆಗ?"

"ನೀ ಕೇಳಬೇಕಿಲ್ಲೇನೋ? ಕಾಗದ ಬರಕೊಂಡೇ ಬಂದಿದ್ದಿ. ಈಗೂ ಚೀಲಾ ಹೊಲಕೊಂಡೇ ಬಂದಿ."

ಮೂವತ್ತೇಳು ವರ್ಷ ಕೌಂಟರಿನ ಆಚೆ ನಿಂತವರನ್ನು "ಏನಾಗಬೇಕಿತ್ತು?" ಎಂದು ಕೇಳಿದವನು ನಾನು. ನನ್ನ ಅಕ್ಕನನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳ ಪಾಲಿನ ರೊಕ್ಕವನ್ನು ರೂಪಾಯಿ ಬಿಡದೆ ಲೆಕ್ಕ ಹಾಕಿ ತಂದಿದ್ದೆ, ಬೀಸುಕಲ್ಲು ಯಾವ ಖಾತೆಯಲ್ಲೂ ಇರಲಿಲ್ಲ. ಉತ್ತರ ಹೊಳೆಯದೆ ಸುಮ್ಮನೆ ನಿಂತೆ. ನನ್ನಾಕಿ ಮೊಣಕಾಲು ಹಿಡಿದುಕೊಂಡು ಅಲ್ಲೇ ಒಂದು ಕಲ್ಲಿನ ಮೇಲೆ ಕೂತಳು. ಅಕ್ಕ ಅವಳ ಪಕ್ಕದಲ್ಲಿ ಕೂತಳು. ಮೂವರೂ ಬಹಳ ಹೊತ್ತು ನೀರು ನೋಡಿದೆವು.

ಹೊರಡುವ ಹಿಂದಿನ ರಾತ್ರಿ ಅಕ್ಕ ನನ್ನಾಕಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಮೂರು ಮೂಲೆಯಾಗಿ ಮಡಿಚಿದ ತೇರಿನ ಖಣ. ನಿಜವಾಗಿ ನೋಡಿದರೆ ಅಕ್ಕನಿಗೆ ನಾವು ತವರಿನವರು, ಉಡಿ ನಾವು ತುಂಬಬೇಕು. ಅದು ಅವಳಿಗೂ ಗೊತ್ತು. ಆಮೇಲೆ ಅವಳೇ ಒಳಗಿನಿಂದ ಚೀಲ ತಂದು ದೀಪದ ಕೆಳಗೆ ತಿರುವಿ ನೋಡತೊಡಗಿದಳು. ಹಿಡಿಕೆ ಜಗ್ಗಿದಳು, ತಳದ ಹೊಲಿಗೆ ನೋಡಿದಳು.

"ಇಲ್ಲಿ ಸೊಟ್ಟ ಆಗೇತಿ."

"ಹೌದಕ್ಕಾ."

"ಹಿಡಿಕಿ ಅವ್ವ ಹಾಕಿದಂಗ ಹಾಕೀದಿ."

ಒಳಜೇಬಿನ ಗುಂಡಿ ಬಿಚ್ಚಿದಳು. ಲಕೋಟೆ ತೆರೆದು, ಚೆಕ್ಕನ್ನು ಕಣ್ಣ ಹತ್ತಿರ ಹಿಡಿದು ಓದಿದಳು. ಏನೆಂದು ನಾನು ಹೇಳಿದೆ, ತಡವರಿಸಿಕೊಂಡೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಈ ನೂರಾ ಎಪ್ಪತ್ತೆರಡು ಯಾಕೊ?"

"ಚಕ್ರಬಡ್ಡಿ ಅಕ್ಕಾ. ಲೆಕ್ಕ ಅಷ್ಟ ಬಂತು."

ಅಕ್ಕ ನಗತೊಡಗಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಹುಚ್ಚ ಅದಿ ನೀ" ಎಂದಳು. ಚೆಕ್ಕನ್ನು ಲಕೋಟೆಗೆ ಹಾಕಿ, ಅದೇ ಜೇಬಿಗಿಟ್ಟು, ಗುಂಡಿ ಹಚ್ಚಿದಳು. ಆಗ ನಾನು, ಒಮ್ಮೆಯಾದರೂ, ಕೇಳಿದೆ: "ಅಕ್ಕಾ, ಸೆರಗಿನ ಕಡೀದು ಹನ್ನೊಂದು ಮೊಳ ಉಳದೈತಿ. ಏನ ಮಾಡೂಣು?"

"ವಿಚಾರ ಮಾಡಿ ಹೇಳ್ತೀನಿ" ಎಂದಳು.

ಚೆಕ್ಕಿನ ಆಯುಷ್ಯ ಮೂರು ತಿಂಗಳು. ಡೊಂಬಿವಲಿಗೆ ಬಂದ ಮೇಲೆ ದಿನಾ ಬೆಳಿಗ್ಗೆ ಖಾತೆ ನೋಡುವುದೇ ನನ್ನ ಕೆಲಸವಾಯಿತು. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ಏಪ್ರಿಲ್ 15ಕ್ಕೆ ಅವಧಿ ಮುಗಿಯಿತು. ತಡೆಯಲಾರದೆ ಫೋನ್ ಮಾಡಿದೆ. "ಅಕ್ಕಾ, ಆ ಚೆಕ್ ಇನ್ನ ನಡಿಯೂದಿಲ್ಲ."

"ಗೊತ್ತೈತಿ. ಮೊಮ್ಮಗ ಹೇಳ್ಯಾನ."

"ಬ್ಯಾರೆ ಬರದು ಪೋಸ್ಟಿನ್ಯಾಗ ಕಳಸ್ಲೇನು?"

"ಪೋಸ್ಟಿನ್ಯಾಗ ಬ್ಯಾಡ. ದೀಪಾವಳಿಗೆ ಇಬ್ರೂ ಬರ್ರಿ, ಬರೂವಾಗ ತಗೊಂಡು ಬಾ. ಆ ಹನ್ನೊಂದು ಮೊಳಾನೂ ತಾ. ಸೆರಗು ಹಂಗ ಇಟ್ಟು ನಡಬರಕ ಕೌದಿ ಹೊಲಿತೀನಿ. ಸಣ್ಣದು ಬಾಣಂತಿ ಆಗಾಕಿ ಅದಾಳ." ಸಣ್ಣದು ಎಂದರೆ ಅವಳ ಕಿರಿಯ ಮೊಮ್ಮಗಳು.

"ಆತಕ್ಕಾ."

"ಮತ್ತ ಕೇಳು. ಚೀಲಾ ಚಲೋ ಐತಿ. ಬನಶಂಕರಿಗೆ ಒಯ್ದಿದ್ದೆ. ಎಲ್ಲಾರೂ ಕೇಳಿದ್ರು."

ದೀಪಾವಳಿಯ ಗಾಡಿಗೆ ಟಿಕೀಟು ತೆಗೆದಿದ್ದೇನೆ. ಹನ್ನೊಂದು ಮೊಳ ಸೀರೆ ನಮ್ಮ ಚೀಲದ ತಳದಲ್ಲಿ ಈಗಾಗಲೇ ಮಡಚಿಟ್ಟಿದೆ. ಚೆಕ್ಕಿಗೆ ಈ ತಿಂಗಳುಗಳ ಬಡ್ಡಿ ಸೇರಿಸಬೇಕೇ ಎಂದು ನನ್ನಾಕಿಯನ್ನು ಕೇಳಿದೆ. "ಅದನ್ನೂ ಅಕ್ಕಾರನ್ನ ಕೇಳ್ರಿ" ಎಂದಳು.